ಸಿಲೇನ್ ಬಂಧದ ಬಾಳಿಕೆ: ಒಂದು ಸಿದ್ಧಾಂತದ ಚರಿತ್ರೆ

ಗಾಜಿನ ಎಳೆಗಳನ್ನು ರಾಳದಲ್ಲಿ ಹುದುಗಿಸಿ ಗಟ್ಟಿಯಾದ ಹಲಗೆಗಳನ್ನು ತಯಾರಿಸುವ ಉದ್ಯಮವು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಬೆಳೆಯಿತು. ಒಣಗಿದ್ದಾಗ ಇವು ಮೆಚ್ಚತಕ್ಕ ಬಲವನ್ನು ತೋರುತ್ತಿದ್ದುವು. ತೇವದಲ್ಲಿ ಬಹುಕಾಲವಿದ್ದರೆ ಆ ಬಲವು ಉಡುಗಿಹೋಗುತ್ತಿತ್ತು. ದೋಷವು ಎಳೆಯಲ್ಲಿರಲಿಲ್ಲ, ರಾಳದಲ್ಲಿಯೂ ಇರಲಿಲ್ಲ. ಅವೆರಡೂ ಕೂಡುವ ಎಡೆಯಲ್ಲಿ ನೀರು ನುಸುಳಿ ಅವುಗಳನ್ನು ಅಗಲಿಸುತ್ತಿತ್ತು.

ಪರಿಹಾರವು ಬಂದುದು ಸಿಲಿಕಾನಿನ ರಸಾಯನದಿಂದ. ಈ ಕ್ಷೇತ್ರದಲ್ಲಿ ದೀರ್ಘಕಾಲ ದುಡಿದ ನಾಟಿಂಗ್‌ಹ್ಯಾಮಿನ ಕಿಪ್ಪಿಂಗರು 1937ರಲ್ಲಿ ಪ್ರಕಟವಾದ ತಮ್ಮ ಬೇಕರಿಯನ್ ಉಪನ್ಯಾಸದಲ್ಲಿ, ಇಲ್ಲಿ ಸದ್ಯಕ್ಕೆ ಮಹತ್ತ್ವದ ಮುನ್ನಡೆಯ ಭರವಸೆ ಕಾಣದೆಂಬ ಅಭಿಪ್ರಾಯವನ್ನು ಸೂಚಿಸಿದ್ದರು. ಮೂರೇ ವರ್ಷಗಳಲ್ಲಿ, 1940ರಲ್ಲಿ, ಯೂಜೀನ್ ರೋಕೋ ಅವರು ತಾಮ್ರದ ನೆರವಿನಿಂದ ಸಿಲಿಕಾನನ್ನೂ ಮೀಥೈಲ್ ಕ್ಲೋರೈಡನ್ನೂ ನೇರವಾಗಿ ಸಂಯೋಗಗೊಳಿಸಿದರು. ಗುರುಗಳ ಭವಿಷ್ಯವಾಣಿಯನ್ನು ವಿದ್ಯಾರ್ಥಿಗಳು ಎಷ್ಟರಮಟ್ಟಿಗೆ ನಂಬಬೇಕೆಂಬುದನ್ನು ನಾವು ಇಲ್ಲಿ ವಿವರಿಸಬೇಕಾದುದಿಲ್ಲ.

1947ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ರಾಲ್ಫ್ ವಿಟ್ ಮತ್ತು ಸಂಗಡಿಗರು ಅಮೆರಿಕದ ನೌಕಾಪಡೆಗೆ ಒಂದು ಗುಪ್ತವರದಿಯನ್ನು ಸಲ್ಲಿಸಿದರು. ಆಲ್ಲೈಲ್ ಸಿಲೇನ್ ಲೇಪಿಸಿದ ಗಾಜುಬಟ್ಟೆಯಿಂದಾದ ಪಾಲಿಯೆಸ್ಟರ್ ಹಲಗೆಗಳು ಈಥೈಲ್ ಸಿಲೇನ್ ಲೇಪದವಕ್ಕಿಂತ ಇಮ್ಮಡಿ ಬಲವುಳ್ಳವಾಗಿದ್ದುವು. ಈಥೈಲ್ ಗುಂಪಿನಲ್ಲಿ ಇಲ್ಲದ ದ್ವಿಬಂಧವು ಆಲ್ಲೈಲಿನಲ್ಲುಂಟು. ಅದು ರಾಳದೊಡನೆ ಸೇರಬಲ್ಲುದು. ಆದುದರಿಂದ ಗಾಜನ್ನು ನೀರೊಲ್ಲದಂತೆ ಮಾಡಿದರಷ್ಟೇ ಸಾಲದು, ಎರಡು ಕಡೆಯೂ ರಾಸಾಯನಿಕ ಬಂಧ ಏರ್ಪಡಬೇಕೆಂಬ ವಾದಕ್ಕೆ ಬಲ ಬಂದಿತು. ಒಂದು ಕೈಯಿಂದ ಗಾಜನ್ನೂ ಇನ್ನೊಂದು ಕೈಯಿಂದ ರಾಳವನ್ನೂ ಹಿಡಿದಿರುವ ಅಣುವಿನ ಚಿತ್ರವು ಪಠ್ಯಗಳಲ್ಲಿ ನೆಲೆಗೊಂಡಿತು.

ಈ ಚಿತ್ರದಲ್ಲಿ ಒಂದು ತೊಡಕುಂಟು. ಸಿಲೇನು ಮೊದಲು ನೀರಿನಿಂದ ವಿಭಜನೆಗೊಂಡು ಸಿಲನಾಲ್ ಆಗುತ್ತದೆ; ಅದು ಖನಿಜದ ಹೈಡ್ರಾಕ್ಸಿಲ್ ಗುಂಪಿನೊಡನೆ ಕೂಡಿದಾಗ ನೀರು ಹೊರಬೀಳುತ್ತದೆ. ನೀರನ್ನು ಕಳೆದು ಉಂಟಾದ ಬಂಧವನ್ನು ನೀರೇ ಮರಳಿ ಬಿಡಿಸಬಲ್ಲುದಷ್ಟೆ? ರಾಳದ ಮೂಲಕ ನೀರು ನಿಧಾನವಾಗಿ ಒಳಸೇರುವುದನ್ನು ಪೂರ್ಣವಾಗಿ ತಡೆಯಲಾಗದು. ಹಾಗಿದ್ದೂ ಹಲಗೆಗಳು ಬಾಳಿದುದು ಹೇಗೆ?

ಡೌ ಕಾರ್ನಿಂಗ್ ಸಂಸ್ಥೆಯ ಎಡ್ವಿನ್ ಪ್ಲೂಡೆಮನ್ನರ ಉತ್ತರವು ನಮಗೆ ಈ ಚರಿತ್ರೆಯ ತಿರುಳೆಂದು ತೋರುತ್ತದೆ. ಬಂಧಗಳು ಕಡಿಯುತ್ತವೆ, ನಿಜ. ಆದರೆ ಬಿಗಿಯಾದ ರಾಳವು ಸಿಲನಾಲುಗಳನ್ನು ಸ್ಥಳದಲ್ಲಿಯೇ ಹಿಡಿದಿರುವುದರಿಂದ ಅವು ಮತ್ತೆ ಕೂಡುತ್ತವೆ. ಬಂಧವು ಮುರಿಯದೆ ಉಳಿಯುವುದಿಲ್ಲ, ಮುರಿದು ಕೂಡುತ್ತ ಉಳಿಯುತ್ತದೆ. ಗಾಜು ಮತ್ತು ರಾಳಗಳ ಅಸಮ ವಿಕಾಸದಿಂದ ಹುಟ್ಟುವ ಒತ್ತಡವೂ ಇದರಿಂದ ಸಡಿಲಗೊಳ್ಳುತ್ತದೆ. ಮೆದುವಾದ ರಾಳದಲ್ಲಿ ಮಾತ್ರ, ಒಮ್ಮೆ ಬಿಟ್ಟುಕೊಂಡ ಭಾಗವು ಹಿಂದೆ ಸರಿದು ನೀರಿಗೆ ಎಡೆಕೊಡುತ್ತದೆ. ಎಂದಮೇಲೆ ಬಾಳಿಕೆಯನ್ನು ಸಿಲೇನೊಂದರ ಗುಣವೆಂದು ಎಣಿಸುವುದು ಸರಿಯಲ್ಲ.

ಲೇಪವು ಒಂದೇ ಅಣುವಿನ ದಪ್ಪದ್ದೆಂಬ ಭಾವನೆಯೂ ನಿಲ್ಲಲಿಲ್ಲ. ಶ್ರೇಡರ್ ಮತ್ತು ಸಹೋದ್ಯೋಗಿಗಳು 1960ರ ದಶಕದಲ್ಲಿ ವಿಕಿರಣಶೀಲ ಕಾರ್ಬನ್ನಿನ ಗುರುತುಳ್ಳ ಅಮಿನೊ ಸಿಲೇನನ್ನು ಪೈರೆಕ್ಸ್ ಗಾಜಿನ ಮೇಲೆ ಲೇಪಿಸಿ ಪರೀಕ್ಷಿಸಿದರು. ಹೆಚ್ಚಿನ ಪಾಲು ತಣ್ಣೀರಿಗೇ ತೊಳೆದುಹೋಯಿತು; ಇನ್ನೊಂದು ಪಾಲು ಕುದಿನೀರಿಗೆ ಬಿಟ್ಟಿತು; ಕೊನೆಯ ಅಲ್ಪಭಾಗ ಮಾತ್ರ ಅಂಟಿಕೊಂಡೇ ಇತ್ತು.

ಖನಿಜದಿಂದ ಖನಿಜಕ್ಕೂ ಭೇದವಿದೆ. ಬೆಣಚು, ಗಾಜು, ಅಲ್ಯೂಮಿನಗಳ ಮೇಲೆ ಸಿಲೇನು ಚೆನ್ನಾಗಿ ನಿಲ್ಲುತ್ತದೆ. ಸೀಮೆಸುಣ್ಣದ ಕಲ್ಲಿನ ಮೇಲೆಯೂ ಗ್ರ್ಯಾಫೈಟಿನ ಮೇಲೆಯೂ ಅದರ ಹಿಡಿತ ಅತ್ಯಲ್ಪ. ಪ್ರಬಲ ಕ್ಷಾರದಲ್ಲಿ ಗಾಜಿನ ಮೇಲಣ ಬಂಧವೂ ಬೇಗ ಸವೆಯುತ್ತದೆ. ಒಂದೇ ಅಣುವಿನಲ್ಲಿ ಎರಡು ಸಿಲಿಕಾನ್ ಪರಮಾಣುಗಳನ್ನು ಜೋಡಿಸಿ, ಮೂರರ ಬದಲು ಆರು ಬಂಧಗಳಿಗೆ ಅವಕಾಶ ಕಲ್ಪಿಸುವ ಸಿಲೇನುಗಳು ಬಳಕೆಗೆ ಬಂದುದು ಇದೇ ಕಾರಣದಿಂದ: ಒಂದು ಕಾಲು ಕಳಚಿದರೂ ಇನ್ನೊಂದು ಊರಿರುವಷ್ಟರಲ್ಲಿ ಮೊದಲನೆಯದು ತನ್ನ ನೆಲೆಗೆ ಮರಳಬಹುದು.