ಮುಚ್ಚಬಾರದ ತೂತು

ನಿಮ್ಮ ಮನೆಯ ಟ್ರಂಕಿನ ತಳದಲ್ಲಿ ಹಳೆಯದೊಂದು ಉಣ್ಣೆಯ ಕೋಟು ಇದೆಯೆ? ತಾತನೋ ಮುತ್ತಾತನೋ ಸೇನೆಯಲ್ಲಿದ್ದಾಗ ತೊಟ್ಟದ್ದು. ಕೊಡಗಿನಂಥ ಕಡೆ ಇಂಥ ಕೋಟುಗಳು ಅಪರೂಪವೇನಲ್ಲ. ಹೊರತೆಗೆದು ಬೆಳಕಿಗೆ ಹಿಡಿದರೆ ಬೆನ್ನಿನ ಭಾಗವೆಲ್ಲ ಜರಡಿಯಂತೆ ಕಾಣುತ್ತದೆ. ನುಸಿ ತಿಂದ ತೂತುಗಳು, ಮೊಣಕೈಯಲ್ಲಿ ಸವೆತ, ಜೇಬಿನ ಬಳಿ ಒಂದು ಸೀಳು. ಸೂಜಿಗೆ ದಾರ ಪೋಣಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇವುಗಳಲ್ಲಿ ಹಾನಿ ಯಾವುದು, ಚರಿತ್ರೆ ಯಾವುದು?

ಈ ಪ್ರಶ್ನೆಗೆ ಒಳ್ಳೆಯ ಉದಾಹರಣೆಯೊಂದು ಲಂಡನ್ನಿನ ಗ್ರೀನಿಚ್‌ನಲ್ಲಿದೆ. ಅಲ್ಲಿನ ರಾಷ್ಟ್ರೀಯ ನೌಕಾ ವಸ್ತುಸಂಗ್ರಹಾಲಯದಲ್ಲಿ ನೀಲಿ ಉಣ್ಣೆಯ ಕೋಟೊಂದನ್ನು ಇಡಲಾಗಿದೆ. ವೈಸ್ ಅಡ್ಮಿರಲ್ ಹೊರೇಶಿಯೊ ನೆಲ್ಸನ್ 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕದನದಲ್ಲಿ ತೊಟ್ಟಿದ್ದ ಕೋಟು ಅದು. ಎಡ ಹೆಗಲಿನ ಮೇಲೆ, ಜರಿಯ ಹೆಗಲುಪಟ್ಟಿಯ ಬಳಿ, ಒಂದು ಸಣ್ಣ ತೂತು ಇದೆ. ಅದನ್ನು ಯಾರೂ ಹೊಲಿದಿಲ್ಲ. ನೋಡಲು ಬಂದವರೆಲ್ಲ ಮೊದಲು ಹುಡುಕುವುದು ಅದನ್ನೇ.

ಆ ತೂತು ಏನು ಹೇಳುತ್ತದೆ? ರೆದೂತಾಬ್ಲ್ ಎಂಬ ಫ್ರೆಂಚ್ ಹಡಗಿನ ಹಿಂಗಂಬದ ಮೇಲಿನಿಂದ ಹಾರಿದ ಗುಂಡು ಹೆಗಲಿನಲ್ಲಿ ಹೊಕ್ಕು, ಕೆಳಮುಖವಾಗಿ ಸಾಗಿ, ಶ್ವಾಸಕೋಶವನ್ನು ಸೀಳಿ ಬೆನ್ನುಹುರಿಯವರೆಗೆ ಹೋಯಿತು. ಮಧ್ಯಾಹ್ನ ಸುಮಾರು ಒಂದೂಕಾಲಕ್ಕೆ ಗುಂಡೇಟು ತಿಂದ ನೆಲ್ಸನ್ ಸಂಜೆ ಸುಮಾರು ನಾಲ್ಕೂವರೆಗೆ ತೀರಿಕೊಂಡ. ಹಡಗಿನ ವೈದ್ಯ ವಿಲಿಯಮ್ ಬೀಟಿ ಆಮೇಲೆ ಆ ಗುಂಡನ್ನು ಹೊರತೆಗೆದ. ಹೆಗಲುಪಟ್ಟಿಯ ಜರಿಯ ಎಳೆಗಳು ಸೀಸಕ್ಕೆ ಅಂಟಿಕೊಂಡೇ ಬಂದವು. ಗುಂಡು ಈಗ ವಿಂಡ್ಸರ್‌ನ ರಾಜಸಂಗ್ರಹದಲ್ಲಿದೆ. ಕೋಟಿನಲ್ಲಿ ಇಲ್ಲದ ಎಳೆಗಳು ಅಲ್ಲಿ ಗುಂಡಿನ ಮೇಲಿವೆ! ತೂತನ್ನು ನೀಟಾಗಿ ಮುಚ್ಚಿದ್ದರೆ ಈ ಎರಡು ವಸ್ತುಗಳ ನಂಟು ಕಣ್ಣಿಗೆ ಕಾಣುತ್ತಿರಲಿಲ್ಲ.

ಅದೇ ಕೋಟಿನ ಇತರ ಗುರುತುಗಳನ್ನೂ ನೋಡಿ. 1797ರಲ್ಲಿ ಟೆನೆರೀಫ್ ದಾಳಿಯಲ್ಲಿ ಬಲಗೈ ಕಳೆದುಕೊಂಡಿದ್ದ ನೆಲ್ಸನ್, ಬರಿದಾದ ತೋಳನ್ನು ಎದೆಯ ಗುಂಡಿಗೆ ಸಿಕ್ಕಿಸಲು ಪುಟ್ಟ ಕುಣಿಕೆಯೊಂದನ್ನು ಹೊಲಿಸಿಕೊಂಡಿದ್ದ. ಎಡತೋಳಿನ ಮೇಲೆ ರಕ್ತದ ಕಲೆಗಳಿವೆ. ಅವು ನೆಲ್ಸನ್‌ನವಲ್ಲ, ಅದೇ ದಿನ ಮೊದಲೇ ಸತ್ತ ಆತನ ಕಾರ್ಯದರ್ಶಿ ಜಾನ್ ಸ್ಕಾಟ್‌ನವು ಎಂಬುದು ಸಾಮಾನ್ಯ ಅಭಿಪ್ರಾಯ. ನೆಲ್ಸನ್ ಅಂದು ಸಮಾರಂಭದ ಉಡುಪು ತೊಟ್ಟು, ಹೊಳೆಯುವ ಪದಕಗಳನ್ನು ಧರಿಸಿ ಸಾವನ್ನು ತಾನೇ ಕರೆದ ಎಂಬ ಕಥೆಯನ್ನು ನೀವು ಕೇಳಿರಬಹುದು. ಕೋಟು ಬೇರೆಯೇ ಹೇಳುತ್ತದೆ. ಇದು ದಿನನಿತ್ಯದ ಕೋಟು. ಎದೆಯ ಮೇಲಿನ ನಾಲ್ಕು ನಕ್ಷತ್ರಗಳು ಪದಕಗಳಲ್ಲ, ಜರಿಯಲ್ಲಿ ಕಸೂತಿ ಮಾಡಿ ಬಟ್ಟೆಗೆ ಹೊಲಿದ ಪ್ರತಿಗಳು. ಒಬ್ಬ ಶಿಸ್ತಿನ ದರ್ಜಿ ಈ ಕೋಟನ್ನು ಒಗೆದು, ಮುಚ್ಚಿ, ಹೊಸದರಂತೆ ಮಾಡಿಬಿಟ್ಟಿದ್ದರೆ? ಅದೃಷ್ಟಕ್ಕೆ ಹಾಗಾಗಲಿಲ್ಲ. 1845ರಲ್ಲಿ ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ 150 ಪೌಂಡು ಕೊಟ್ಟು ಇದನ್ನು ಕೊಂಡು ಗ್ರೀನಿಚ್ ಆಸ್ಪತ್ರೆಗೆ ಒಪ್ಪಿಸಿದ. ಆಗಲೂ ತೂತು ತೂತಾಗಿಯೇ ಇತ್ತು.

ಹಾಗೆಂದು ಹಳೆಯ ಕೋಟಿಗೆ ಸೂಜಿಯನ್ನೇ ತಾಕಿಸಬಾರದೆ? ತಾಕಿಸಬೇಕು. ಸೀಳು ಬೆಳೆಯುತ್ತದೆ, ನೇತುಹಾಕಿದ ಬಟ್ಟೆ ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಆದರೆ ಹೊಲಿಯುವ ಮೊದಲು ಬಟ್ಟೆಯನ್ನು ತಿಳಿಯಬೇಕು.

ಆ ಕಾಲದ ಸೇನಾ ಕೋಟುಗಳ ಬಟ್ಟೆ ವಿಶಿಷ್ಟವಾದದ್ದು. ನೇಯ್ದ ಉಣ್ಣೆಯನ್ನು ನೀರು ಮತ್ತು ಸಾಬೂನು ಅಥವಾ ಜೇಡಿಮಣ್ಣಿನಲ್ಲಿ ನೆನೆಸಿ, ನೀರಿನ ಬಲದಿಂದ ನಡೆಯುವ ಮರದ ಕೊಡತಿಗಳಿಂದ ಗಂಟೆಗಟ್ಟಲೆ ಕುಟ್ಟುತ್ತಿದ್ದರು. ಉಣ್ಣೆಯ ಕೂದಲಿನ ಮೇಲೆ ಸೂಕ್ಷ್ಮದರ್ಶಕದಲ್ಲಿ ಕಾಣುವ ಹುರುಪೆಗಳಿವೆ. ಕುಟ್ಟಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪಗಾಗುತ್ತದೆ. ಬಿಸಿನೀರಿನಲ್ಲಿ ಒಗೆದ ಸ್ವೆಟರ್ ಮಗುವಿನ ಅಳತೆಗೆ ಇಳಿದದ್ದನ್ನು ನೀವು ಕಂಡಿರಬಹುದು, ಅದೇ ಕ್ರಿಯೆ. ಹೀಗೆ ಗಟ್ಟಿಯಾದ ಬಟ್ಟೆಯನ್ನು ಕತ್ತರಿಸಿದರೆ ಅಂಚಿನಲ್ಲಿ ಎಳೆ ಬಿಡುವುದಿಲ್ಲ. ಆದ್ದರಿಂದಲೇ ಅಂದಿನ ದರ್ಜಿಗಳು ಕೋಟಿನ ಅಂಚನ್ನು ಹಲವೆಡೆ ಮಡಚದೆ ಹಾಗೆಯೇ ಬಿಡುತ್ತಿದ್ದರು. ಅದನ್ನು ಕಂಡು ‘ಅಂಚು ಹೊಲಿಯಲು ಮರೆತಿದ್ದಾರೆ’ ಎಂದು ಮಡಚಿ ಹೊಲಿದರೆ ಚರಿತ್ರೆ ಅಳಿಸಿದಂತೆ.

ಹೊಲಿಗೆಯೂ ಒಂದು ದಾಖಲೆ. ಎಲಿಯಾಸ್ ಹೋವ್ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ. ಅದಕ್ಕೂ ಹಿಂದಿನ ಕೋಟುಗಳೆಲ್ಲ ಹೆಚ್ಚುಕಡಿಮೆ ಕೈಹೊಲಿಗೆಯವೇ. ಜೇನುಮೇಣ ಸವರಿದ ನಾರುದಾರ, ಸ್ವಲ್ಪ ಏರುಪೇರಾದ ಹೊಲಿಗೆ. ಅಂಥ ಕೋಟಿನ ಮೇಲೆ ಯಂತ್ರದ ಹೊಲಿಗೆ ಕಂಡರೆ ಆಮೇಲೆ ಯಾರೋ ಕೈಹಾಕಿದ್ದಾರೆಂದು ತಿಳಿಯಬಹುದು.

ದಪ್ಪ ಉಣ್ಣೆಯ ಸೀಳನ್ನು ಕೂಡಿಸಲು ಹಳೆಯ ದರ್ಜಿಗಳಲ್ಲಿ ಒಂದು ಸೊಗಸಾದ ಉಪಾಯವಿತ್ತು. ಎರಡು ಅಂಚುಗಳನ್ನು ಒಂದರ ಮೇಲೊಂದು ಇಡದೆ ಎದುರುಬದುರಾಗಿ ಸೇರಿಸಿ, ಸೂಜಿಯನ್ನು ಬಟ್ಟೆಯ ಅರ್ಧ ದಪ್ಪದಲ್ಲೇ ಓಡಿಸುತ್ತಿದ್ದರು. ದಾರ ಒಳಗೇ ಹುದುಗುತ್ತದೆ. ಮೇಲಿನ ರೋಮವನ್ನು ಬ್ರಷ್ಷಿನಿಂದ ಎಬ್ಬಿಸಿದರೆ ಸೀಳು ಎಲ್ಲಿತ್ತೆಂದು ಹುಡುಕಬೇಕು. ನಮ್ಮ ಪೇಟೆಗಳಲ್ಲಿ ರಫೂ ಮಾಡುವವರ ಕೈಚಳಕ ಬೇರೆ ಬಗೆಯದು: ಅವರು ಹೋದ ಹಾಸು ಹೊಕ್ಕುಗಳನ್ನು ಸೂಜಿಯಿಂದಲೇ ಮತ್ತೆ ನೇಯುತ್ತಾರೆ. ತೊಡುವ ಕೋಟಿಗೆ ಎರಡೂ ಉತ್ತಮ. ವಸ್ತುಸಂಗ್ರಹಾಲಯದವರು ಮಾತ್ರ ಇಷ್ಟು ಕಾಣದಂತೆ ಹೊಲಿಯಲು ಹಿಂಜರಿಯುತ್ತಾರೆ. ಅವರು ಕೋಟಿನ ಬಣ್ಣಕ್ಕೇ ಅದ್ದಿದ ತೆಳು ಬಟ್ಟೆಯನ್ನು ಹರಿದ ಜಾಗದ ಹಿಂದೆ ಇಟ್ಟು, ಸಡಿಲ ಎಳೆಗಳನ್ನು ಅದರ ಮೇಲೆ ಸಾಲಾಗಿ ಮಲಗಿಸಿ, ನವಿರಾದ ರೇಷ್ಮೆದಾರದ ಅಡ್ಡಹೊಲಿಗೆಯಿಂದ ಹಿಡಿದಿಡುತ್ತಾರೆ. ಡೊಂಕು ಸೂಜಿ ಎಳೆಯನ್ನು ಚುಚ್ಚದೆ ಎಳೆಗಳ ನಡುವೆ ನುಸುಳಬೇಕು. ದಾರ ಬಟ್ಟೆಗಿಂತ ದುರ್ಬಲವಾಗಿರಬೇಕು: ಎಳೆತ ಬಂದಾಗ ದಾರ ಹರಿಯಲಿ, ಬಟ್ಟೆ ಉಳಿಯಲಿ. ಗಟ್ಟಿಯ ಪಾಲಿಯೆಸ್ಟರ್ ದಾರ ಹಳೆಯ ಉಣ್ಣೆಯನ್ನು ತಂತಿಯಂತೆ ಕೊಯ್ಯುತ್ತದೆ.

ಮುಖ್ಯವಾಗಿ, ಹಾಕಿದ ಹೊಲಿಗೆಯನ್ನು ಮುಂದೆ ಬಿಚ್ಚಲು ಬರಬೇಕು. ಇದರ ಬೆಲೆ ಅಮೆರಿಕದವರಿಗೆ ಚೆನ್ನಾಗಿ ಗೊತ್ತು. 1814ರಲ್ಲಿ ಬಾಲ್ಟಿಮೋರ್‌ನ ಮೆಕ್‌ಹೆನ್ರಿ ಕೋಟೆಯ ಮೇಲೆ ಹಾರಿದ, ಉಣ್ಣೆಯಿಂದಲೇ ಮಾಡಿದ ಭಾರಿ ಬಾವುಟವೊಂದು ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದೆ. 1914ರಲ್ಲಿ ಅಮೀಲಿಯಾ ಫೌಲರ್ ಎಂಬಾಕೆ ಹೊಲಿಗೆಗಾರ್ತಿಯರ ತಂಡ ಕಟ್ಟಿಕೊಂಡು ಅದಕ್ಕೆ ಹಿಂದಿನಿಂದ ಲಿನನ್ ಬಟ್ಟೆಯನ್ನು ಆನಿಸಿ ಜಾಲದಂತೆ ಹೊಲಿದಳು. ಸುಮಾರು 17 ಲಕ್ಷ ಹೊಲಿಗೆಗಳು! ಬಾವುಟ ಉಳಿದದ್ದು ಆ ಕೆಲಸದಿಂದಲೇ ಎಂಬುದನ್ನು ಮರೆಯಬಾರದು. ಆದರೆ ಎಂಟು ದಶಕಗಳ ನಂತರ ಅದೇ ಲಿನನ್ ಬಾವುಟಕ್ಕೆ ಹೊರೆಯಾಗಿತ್ತು. 1990ರ ದಶಕದ ಕೊನೆಗೆ ಸಂರಕ್ಷಕರು ಆ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆದರು, ಒಣ ಸ್ಪಂಜಿನಿಂದ ಕೊಳೆ ಒತ್ತಿ ತೆಗೆದರು, ಹಗುರವಾದ ಹೊಸ ಆಸರೆ ಕೊಟ್ಟರು. 2008ರಲ್ಲಿ ಬಾವುಟ ಮತ್ತೆ ಪ್ರದರ್ಶನಕ್ಕೆ ಬಂತು.

ನಿಮ್ಮ ಟ್ರಂಕಿನ ಕೋಟಿಗೆ ಮರಳೋಣ. ನುಸಿಯ ತೂತಿಗೆ ಯಾವ ಗೌರವವೂ ಬೇಡ. ನುಸಿಯ ಮರಿಹುಳು ಉಣ್ಣೆಯ ಕೆರಾಟಿನ್ ತಿನ್ನುತ್ತದೆ. ಬೆವರು, ಕೊಳೆ ಹತ್ತಿದ ಕತ್ತುಪಟ್ಟಿ, ಕಂಕುಳು ಅದಕ್ಕೆ ಇನ್ನೂ ಇಷ್ಟ. ಹುಳು ಜೀವಂತವಿದ್ದರೆ ಹೊಲಿದು ಫಲವಿಲ್ಲ. ಕೋಟನ್ನು ಪಾಲಿಥೀನ್ ಚೀಲದಲ್ಲಿ ಗಾಳಿ ಆಡದಂತೆ ಕಟ್ಟಿ –18 ಡಿಗ್ರಿ ಸೆಲ್ಸಿಯಸ್ ತಣ್ಪಿನ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣನೆಯ ಬಟ್ಟೆಯ ಮೇಲೆ ತೇವ ಕೂರುತ್ತದೆ. ಆಮೇಲೆ ಫೋಟೊ ತೆಗೆದು, ಪ್ರತಿ ತೂತು, ಕಲೆ, ತೇಪೆಯನ್ನು ಕಾಗದದ ಮೇಲೆ ಗುರುತಿಸಿ. ಮೊಣಕೈಯ ಒರಟು ತೇಪೆ ತಾತನೇ ಹಾಕಿಕೊಂಡದ್ದೆಂದು ಮನೆಯ ಹಿರಿಯರಿಗೆ ನೆನಪಿರಬಹುದು, ಕೇಳದೆ ಕೀಳಬೇಡಿ. ಹಳೆಯ ಹೊಲಿಗೆ ಬಿಚ್ಚಲೇಬೇಕಾಗಿ ಬಂದರೆ ಆ ದಾರದ ತುಂಡುಗಳನ್ನು ಲಕೋಟೆಯಲ್ಲಿ ಹಾಕಿ, ಯಾವ ಭಾಗದ್ದೆಂದು ಪೆನ್ಸಿಲಿನಲ್ಲಿ ಬರೆದು ಕೋಟಿನ ಜೊತೆಗೇ ಇಡಿ. ಜೇಬಿನೊಳಗೆ ಮಾತ್ರ ಇಡಬೇಡಿ; ಕಾಗದದ ಆಮ್ಲಕ್ಕೆ ಬಟ್ಟೆ ಕಂದುಗಟ್ಟುತ್ತದೆ.