ಬಾಗಿಲಾಚೆ ನಿಂತವರು ಯಾರು?

ಈಗ ಮೂವತ್ತು ದಾಟಿದವರಿಗೆ ‘ನಾಳೆ ಬಾ’ ನೆನಪಿರಲೇಬೇಕು. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲೂ, ನಂದಿ ಬೆಟ್ಟದ ಬುಡದ ನಮ್ಮ ಹಳ್ಳಿಗಳಲ್ಲೂ ಎಷ್ಟೋ ಬಾಗಿಲುಗಳ ಮೇಲೆ ಈ ಎರಡು ಪದ ಇರುತ್ತಿದ್ದವು. ಗಡಿ ದಾಟಿ ಆಂಧ್ರಕ್ಕೆ ಹೋದರೆ ಅದೇ ಮಾತು ತೆಲುಗಿನಲ್ಲಿ. ರಾತ್ರಿ ಹೆಣ್ಣು ದೆವ್ವವೊಂದು ಬಂದು ಮನೆಯವರ ದನಿಯಲ್ಲೇ ಕೂಗುತ್ತೆ, ಬಾಗಿಲು ತೆಗೆದರೆ ಕತೆ ಮುಗೀತು ಅಂತ ನಂಬಿಕೆ. ಬರಹ ಓದಿ ದೆವ್ವ ವಾಪಸ್ ಹೋಗುತ್ತೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಇನ್‌ಫೈನೈಟ್ ಲೂಪ್!

ತಮಾಷೆ ನೋಡಿ: 1991ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಹೆಣ್ಣುಮಕ್ಕಳ ಸಾಕ್ಷರತೆ ಶೇ. 44. ನಿಜವಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಓದು ಬರುತ್ತಿರಲಿಲ್ಲ. ದೆವ್ವಕ್ಕೆ ಬರುತ್ತಿತ್ತು.

ಈ ಬಾಗಿಲಿನ ಕತೆ ನಮ್ಮದು ಮಾತ್ರ ಅಲ್ಲ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ‘ಡ್ರಾಕುಲಾ’ದಲ್ಲೂ ಒಂದು ನಿಯಮವಿದೆ: ಮನೆಯವರು ಯಾರಾದರೂ ಮೊದಲ ಸಲ ಕರೆಯದೆ ವ್ಯಾಂಪೈರ್ ಹೊಸ್ತಿಲು ದಾಟುವಂತಿಲ್ಲ. ಆ ಕಾದಂಬರಿಯ ಲೂಸಿ ಎಂಬ ಹುಡುಗಿ ವ್ಯಾಂಪೈರ್ ಆಗಿ ರಾತ್ರಿ ಹೊರಗೆ ಅಲೆಯತೊಡಗುತ್ತಾಳೆ. ಅವಳ ಎದೆಗೆ ಗೂಟ ಹೊಡೆಯುವವನು ಬೇರೆ ಯಾರೂ ಅಲ್ಲ, ಅವಳನ್ನು ಮದುವೆಯಾಗಬೇಕಿದ್ದ ಹುಡುಗ.

ಸರಿಯಾಗಿ ನೂರೆಂಟು ವರ್ಷ ಬಿಟ್ಟು, 2005ರಲ್ಲಿ, ಸ್ಟೆಫೆನಿ ಮೇಯರ್ ಅವರ ‘ಟ್ವೈಲೈಟ್’ ಬಂತು. ಟೀನೇಜ್ ಹುಡುಗಿಯರ ಅಚ್ಚುಮೆಚ್ಚಿನ ಪುಸ್ತಕ. ಅದರಲ್ಲಿ ವ್ಯಾಂಪೈರ್ ಎಡ್ವರ್ಡ್ ರಾತ್ರಿ ಹೊತ್ತು ಬೆಲ್ಲಾಳ ಕೋಣೆಗೆ ಅವಳಿಗೇ ತಿಳಿಯದಂತೆ ಬಂದು, ಅವಳು ನಿದ್ದೆ ಮಾಡೋದನ್ನು ನೋಡುತ್ತಾ ಇರುತ್ತಾನೆ. ಕರೆದ ಮೇಲೇ ಬರಬೇಕೆಂಬ ನಿಯಮ ಇಲ್ಲಿಲ್ಲ. ಗಂಡು ಕರೆಯದೆ ಬಂದರೆ ಪ್ರೇಮಿ. ಹೆಣ್ಣು ಬಾಗಿಲು ತಟ್ಟಿದರೆ ‘ನಾಳೆ ಬಾ’.

ಹಾಗಂತ ಆ ಪುಸ್ತಕ ಮೆಚ್ಚಿದ ಹುಡುಗಿಯರನ್ನು ನೋಡಿ ನಗೋದು ಬೇಡ. ಅಲ್ಲಿ ಆಸೆಯನ್ನು ಬಾಯಿಬಿಟ್ಟು ಹೇಳೋಳು ಬೆಲ್ಲಾ, ತಡೆದುಕೊಳ್ಳೋನು ಎಡ್ವರ್ಡ್. ‘ನೀನು ಹುಷಾರಾಗಿರಮ್ಮಾ’ ಅನ್ನೋದನ್ನೇ ಕೇಳಿ ಬೆಳೆದವರಿಗೆ ಅದೊಂದು ಬಿಡುಗಡೆಯೇ. ಆದರೆ ಬೆಲ್ಲಾಗೆ ವ್ಯಾಂಪೈರ್‌ನ ಶಕ್ತಿ ಸಿಗೋದು ಕೊನೆಯ ಪುಸ್ತಕದಲ್ಲಿ, ಮದುವೆ, ಹೆರಿಗೆ ಎರಡೂ ಆದ ಮೇಲೆ!

ಬರೀ ಕತೆ ಅಂತೀರಾ? ಕಾನೂನನ್ನೂ ನೋಡೋಣ. 1961ರ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ರಾತ್ರಿ ಹೊತ್ತು ಹೆಂಗಸರಿಂದ ಕೆಲಸ ಮಾಡಿಸುವಂತಿಲ್ಲ ಎಂದಿತು. ಆ ಸಾಲಿನಲ್ಲಿ ಅವರ ಜೊತೆಗಿದ್ದವರು ಎಳೆ ವಯಸ್ಸಿನವರು. ಐಟಿ ಕಂಪನಿಗಳಿಗೆ ಆಮೇಲೆ ವಿನಾಯಿತಿ ಸಿಕ್ಕಿದ್ದು ವಾಹನ, ಭದ್ರತೆ ಒದಗಿಸಬೇಕೆಂಬ ಷರತ್ತಿನ ಮೇಲೆ. ನಮ್ಮ ನೈಟ್ ಶಿಫ್ಟ್ ಕ್ಯಾಬಿನ ಹಿಂದೆ ಈ ಷರತ್ತಿದೆ. ಕ್ಯಾಬ್ ಬೇಕು, ನಿಜ. ಆದರೆ ರಸ್ತೆಯಲ್ಲಿ ಭಯ ಹುಟ್ಟಿಸೋನು ಗಂಡಸು, ಸಮಯ ನೋಡಿಕೊಳ್ಳಬೇಕಾದೋಳು ಹೆಣ್ಣು ಅನ್ನೋ ಲೆಕ್ಕ ಮಾತ್ರ ಬದಲಾಗಿಲ್ಲ.

2018ರ ಹಿಂದಿ ಚಿತ್ರ ‘ಸ್ತ್ರೀ’ ನಮ್ಮ ‘ನಾಳೆ ಬಾ’ ಎಳೆಯನ್ನೇ ಹಿಡಿದು ಈ ಲೆಕ್ಕವನ್ನು ತಲೆಕೆಳಗು ಮಾಡಿತು: ಕತ್ತಲಾದ ಮೇಲೆ ಗಂಡಸರು ಒಂಟಿಯಾಗಿ ಹೊರಗೆ ಹೋಗೋ ಹಾಗಿಲ್ಲ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅದೇ ನಿಯಮ ಹೆಣ್ಣುಮಕ್ಕಳಿಗೆ ಅಂದಾಗ ಯಾರಿಗೂ ನಗು ಬರಲ್ಲ.

ನಮ್ಮೂರ ಬಾಗಿಲುಗಳ ಮೇಲಿನ ‘ನಾಳೆ ಬಾ’ ಅಳಿಸಿ ಎಷ್ಟೋ ವರ್ಷವಾಯಿತು. ಬೆಂಗಳೂರಿನ ಲೇಡೀಸ್ ಪಿಜಿಗಳಲ್ಲಿ ‘ಹತ್ತು ಗಂಟೆಗೆ ಗೇಟ್ ಮುಚ್ಚಲಾಗುವುದು’ ಅನ್ನೋ ಬೋರ್ಡು ಇನ್ನೂ ಇದೆ.