ಹೆಣ್ಣುಮಕ್ಕಳ ಹೈಸ್ಕೂಲು: ಮೈಸೂರಿನ ಮಹಾರಾಣಿ ಶಾಲೆಯಿಂದ ನಮ್ಮ ಹಳ್ಳಿಯವರೆಗೆ

ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಕಳೆದುಹೋದ ಕಾಲದತ್ತ ನಾವು ಕಣ್ಣು ಹಾಯಿಸುವುದು ಸಹಜ. ಹಾಗೆ ನೋಡುವಾಗ ನಮ್ಮ ಗ್ರಾಮಜೀವನದಲ್ಲಿ ಸಂಭವಿಸಿದ ಬದಲಾವಣೆಗಳಲ್ಲಿ ಹೆಣ್ಣುಮಕ್ಕಳ ಶಿಕ್ಷಣಕ್ಕಿಂತ ಮಹತ್ತರವಾದುದು ವಿರಳವೆಂದು ತೋರುತ್ತದೆ. ಅದರ ಮೂಲವನ್ನರಿಯಲು ನಾವು ಮೈಸೂರಿನ ಮಹಾರಾಣಿ ಶಾಲೆಯ ಚರಿತ್ರೆಯನ್ನು ಅವಲೋಕಿಸಬೇಕು.

1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತಲಿಕ ಕಾರ್ಮೆಲ್ ಸಭೆಯ ಸೋದರಿಯರು ಬಾಲಿಕೆಯರ ಶಿಕ್ಷಣವನ್ನು ಕೈಗೆತ್ತಿಕೊಂಡ ಸಂಗತಿ ನಮ್ಮವರಿಗೆ ತಿಳಿದದ್ದೇ. ಆದರೆ ಅರಸೊತ್ತಿಗೆಯೇ ಈ ಹೊಣೆಯನ್ನು ಹೊತ್ತದ್ದು ಮೈಸೂರಿನಲ್ಲಿ. 1881ರ ಮಾರ್ಚ್ 25ರಂದು ಆಂಗ್ಲರು ಸಂಸ್ಥಾನದ ಆಡಳಿತವನ್ನು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಮರಳಿ ಒಪ್ಪಿಸಿದರು. ಅದೇ ವರ್ಷ ಎ. ನರಸಿಂಹ ಅಯ್ಯಂಗಾರರ ಪರಿಶ್ರಮದಿಂದಲೂ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಆಶ್ರಯದಿಂದಲೂ ಈ ಶಾಲೆ ಜನ್ಮ ತಾಳಿತು. ಮುಂದೆ ಸರಕಾರವೇ ಅದನ್ನು ವಹಿಸಿಕೊಂಡಿತು.

ಆ ಬಾಗಿಲು ಮೊದಲಿಗೆ ಎಲ್ಲರಿಗೂ ತೆರೆದಿರಲಿಲ್ಲ. ಮೇಲ್ಜಾತಿಯ ಹಿಂದೂ ಮನೆತನಗಳ ಹೆಣ್ಣುಮಕ್ಕಳಿಗಾಗಿಯೇ ಅದು ಆರಂಭವಾದದ್ದು. ಆ ಮನೆತನಗಳಿಗೂ ಬಾಲ್ಯವಿವಾಹವೆಂಬ ತೊಡಕು ಇದ್ದೇ ಇತ್ತು. ಅಕ್ಷರ ಕೂಡಿಸಿ ಓದಲು ಕಲಿಯುವಷ್ಟರಲ್ಲಿ ಹುಡುಗಿಗೆ ಮದುವೆ. ಮದುವೆಯ ಬೆನ್ನಿಗೇ ಶಾಲೆಗೆ ವಿದಾಯ. ಮೈಸೂರು ಸರಕಾರವು 1894ರಲ್ಲಿ ಕಾಯಿದೆ ಮಾಡಿ ಎಂಟು ವರ್ಷದೊಳಗಿನ ಹುಡುಗಿಯರ ವಿವಾಹವನ್ನು ನಿಷೇಧಿಸಿತು. ಎಂಟೇ ವರ್ಷ! ಇಂದು ನಮಗೆ ಸೋಜಿಗವೆನಿಸಿದರೂ ಅಂದು ಅದೇ ದಿಟ್ಟ ಹೆಜ್ಜೆಯಾಗಿತ್ತು.

ಅದೇ ವರ್ಷದ ಕೊನೆಯಲ್ಲಿ ಮಹಾರಾಜರು ತೀರಿಕೊಂಡರು. 1895ರಿಂದ 1902ರವರೆಗೆ ಮಹಾರಾಣಿಯವರೇ ರಾಜಪ್ರತಿನಿಧಿಯಾಗಿ ಆಳಿದರು. ರವೀಂದ್ರನಾಥ ಠಾಕೂರರ ಅಕ್ಕನ ಮಗಳಾದ ಸರಳಾದೇವಿಯವರು ಆ ದಶಕದಲ್ಲಿ ದೂರದ ಬಂಗಾಳದಿಂದ ಬಂದು ಈ ಶಾಲೆಯಲ್ಲಿ ಪಾಠ ಹೇಳಿದರು. ಕಾಲಕ್ರಮದಲ್ಲಿ ಶಾಲೆ ಬೆಳೆದು ಕಾಲೇಜಾಗಿ, ಕನ್ನಡ ನಾಡಿಗೆ ಪದವೀಧರೆಯರನ್ನು ಕೊಟ್ಟಿತು.

ನಮ್ಮ ಧಾರವಾಡ ಸೀಮೆ ಆಗ ಮೈಸೂರಿಗೆ ಸೇರಿರಲಿಲ್ಲ. 1956ರ ತನಕ ಅದು ಮುಂಬಯಿಯ ಆಡಳಿತದಲ್ಲಿತ್ತು. ಆ ಪ್ರಾಂತದ ಪುಣೆಯಲ್ಲಿಯೂ 1884ರಲ್ಲಿ ರಾನಡೆ, ಭಾಂಡಾರಕರ, ವೆಡ್ಡರ್‌ಬರ್ನ್ ಮೊದಲಾದವರು ಹುಜೂರಪಾಗಾ ಎಂದು ಪ್ರಸಿದ್ಧವಾದ ಬಾಲಿಕೆಯರ ಹೈಸ್ಕೂಲನ್ನು ತೆರೆದರು. ಅಲ್ಲಿಯ ಪಾಠಕ್ರಮವನ್ನು ಲೋಕಮಾನ್ಯ ತಿಲಕರಂಥವರೇ ಟೀಕಿಸಿದರು. ನವಲಗುಂದದ ಕಪ್ಪು ನೆಲದಲ್ಲಿ ಹತ್ತಿ ಬಿಡಿಸುವ ರೈತನ ಮಗಳಿಗೆ ಮೈಸೂರೂ ದೂರ, ಪುಣೆಯೂ ದೂರ.

ಆ ಕಾಲದಲ್ಲಿ ಈ ನೆಲದ ಪ್ರತಿಭೆಗೇನೂ ಕೊರತೆಯಿರಲಿಲ್ಲ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರ ಶಾಲಾ ಶಿಕ್ಷಣ ಪ್ರಾಥಮಿಕ ಹಂತಕ್ಕೇ ನಿಂತಿತು. ಆದರೆ ಸಂಗೀತಕ್ಕೊಬ್ಬ ಗುರು ಇದ್ದರು, ಅವರಲ್ಲಿಗೆ ಹೋಗಲು ದಾರಿಯೂ ಇತ್ತು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಅವರು ಸವಾಯಿ ಗಂಧರ್ವರಲ್ಲಿ ಕಲಿತರು. ಜಗತ್ತೇ ತಲೆದೂಗುವಂತೆ ಹಾಡಿದರು. ಗುರುವೂ ದಾರಿಯೂ ದೊರೆತರೆ ಹೆಣ್ಣುಮಗಳು ಎಷ್ಟು ಎತ್ತರಕ್ಕೆ ಏರಬಲ್ಲಳೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ದಾರಿಯ ಮಹತ್ವವನ್ನು ಸರಕಾರವೂ ಅರಿಯಿತು. 2006-07ರಲ್ಲಿ ಎಂಟನೆಯ ತರಗತಿಯ ಬಾಲಕಿಯರಿಗೆ ಸೈಕಲ್ ಕೊಡುವ ಯೋಜನೆ ಆರಂಭವಾಯಿತು. ತಮ್ಮೂರಲ್ಲಿ ಹೈಸ್ಕೂಲಿಲ್ಲದ ಹುಡುಗಿಯರು ಗುಂಪುಗೂಡಿ ಪಕ್ಕದೂರಿಗೆ ಸೈಕಲ್ ತುಳಿದು ಹೋಗುವುದನ್ನು ಆಗ ನಾವೆಲ್ಲ ಕಂಡೆವು.

ಆದರೂ ಒಂದು ಬಿರುಕು ಉಳಿದಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು 14ನೆಯ ವಯಸ್ಸಿನವರೆಗೆ, ಎಂದರೆ ಎಂಟನೆಯ ತರಗತಿಯವರೆಗೆ, ಉಚಿತ ಶಿಕ್ಷಣದ ಭರವಸೆ ಕೊಡುತ್ತದೆ. ಹುಡುಗಿಯ ವಿವಾಹಕ್ಕೆ ಕಾನೂನು ವಿಧಿಸಿದ ಕನಿಷ್ಠ ವಯಸ್ಸು 18. ನಡುವಣ ಈ ನಾಲ್ಕು ವರ್ಷಗಳೇ ಹೈಸ್ಕೂಲಿನ ಕೊನೆಯ ಹಾಗೂ ಕಾಲೇಜಿನ ಮೊದಲ ವರ್ಷಗಳು. ಮೆಣಸಿನಕಾಯಿ ಹರಿಯಲು ಆಳು ಸಾಲದೆಂದೋ, ಒಳ್ಳೆಯ ಸಂಬಂಧ ಬಂದಿದೆಯೆಂದೋ ಮಗಳನ್ನು ಶಾಲೆ ಬಿಡಿಸುವುದು ಈ ಅವಧಿಯಲ್ಲಿಯೇ. ಇಲ್ಲಿ ಆಕೆಯನ್ನು ಕಾಯಬೇಕಾದವರು ತಂದೆತಾಯಿಗಳು, ನೆರೆಹೊರೆಯವರು, ನಾವು.

ಮಹಾರಾಣಿ ಶಾಲೆಗೆ ಅರಮನೆಯ ಆಶ್ರಯವಿತ್ತು. ನಮ್ಮೂರ ಹುಡುಗಿಗೆ ಆ ಆಶ್ರಯ ಮನೆಯಲ್ಲಿಯೇ ದೊರೆಯಬೇಕು. ಮುಂದಿನ ನೂರು ವರ್ಷಗಳ ಚರಿತ್ರೆಯನ್ನು ಬರೆಯುವವರು, ಈ ಊರಿನ ಯಾವ ಹೆಣ್ಣುಮಗಳೂ ಹತ್ತನೆಯ ತರಗತಿ ಮುಗಿಸದೆ ಶಾಲೆ ಬಿಡಲಿಲ್ಲವೆಂದು ಬರೆಯುವಂತಾಗಲಿ.